ಹೇಮಾವತಿ: ಹಂಚಿಕೆಯ ಜಗಳದಲ್ಲಿ ಮರೆತ ಜಲಾನಯನ

ತುಮಕೂರು: ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿರೋಧಿಸಿ 2025ರ ಮೇ ಅಂತ್ಯದಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದಾಗ ನಿಷೇಧಾಜ್ಞೆ ಜಾರಿಯಾಗಿತ್ತು. ತುಮಕೂರು ನಾಲೆಯ 70ನೇ ಕಿ.ಮೀ. ಬಳಿಯಿಂದ ಕುಣಿಗಲ್ ಕಡೆಗೆ ಕೊಳವೆಯಲ್ಲಿ ನೇರವಾಗಿ ನೀರು ಒಯ್ಯುವುದು ಯೋಜನೆಯ ತಿರುಳು. ನಾಲೆಯ ಕೊನೆಯಲ್ಲಿರುವ ತಮಗೆ ಪಾಲಿನ ನೀರು ತಲುಪುತ್ತಿಲ್ಲ ಎಂಬುದು ಕುಣಿಗಲ್ ರೈತರ ಅಳಲು. ನೀರು ಮಾಗಡಿಗೆ ಹರಿದು ತಮ್ಮ ಕೆರೆಗಳು ಬರಿದಾದಾವು ಎಂಬುದು ಗುಬ್ಬಿಯವರ ಆತಂಕ. ಎರಡರಲ್ಲೂ ಹುರುಳಿದೆ.

ಆದರೆ ಈ ಹಗ್ಗಜಗ್ಗಾಟದಲ್ಲಿ ಪರಿಸರ ವಿಜ್ಞಾನದ ಮೊದಲ ಪಾಠವೇ ಮರೆತುಹೋಗಿದೆ. ಮಳೆಹನಿ ಬಿದ್ದ ಕ್ಷಣದಿಂದ ಒಂದೇ ಹೊರದಾರಿಗೆ ಹರಿದು ಸೇರುವ ಭೂಪ್ರದೇಶವೇ ಜಲಾನಯನ. ಅದಕ್ಕೆ ತಾಲ್ಲೂಕಿನ ಗಡಿಯ ಹಂಗಿಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಅಲ್ಲಿಯೇ ಹುಟ್ಟುವ ಶಿಂಷಾ ಗುಬ್ಬಿ ಸೀಮೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಕಾವೇರಿಯನ್ನು ಕೂಡುತ್ತದೆ. ಅಂದರೆ ಇಂದು ಎದುರುಬದುರಾಗಿರುವ ಗುಬ್ಬಿ, ಕುಣಿಗಲ್‌ಗಳು ಪ್ರಕೃತಿಯ ಲೆಕ್ಕದಲ್ಲಿ ಒಂದೇ ಹೊಳೆಯ ಮೇಲ್ದಂಡೆ, ಕೆಳದಂಡೆಗಳು.

ಎರಡನೆಯದು ಧಾರಣ ಸಾಮರ್ಥ್ಯ. ನೆಲವು ವರ್ಷವೊಂದರಲ್ಲಿ ಹಿಂಗಿಸಿಕೊಂಡ ನೀರಿಗಿಂತ ಹೆಚ್ಚನ್ನು ಕೊಳವೆಬಾವಿಗಳು ಎತ್ತಿದರೆ ಅಂತರ್ಜಲ ಕುಸಿಯುವುದು ಖಚಿತ. ತೆಂಗು, ಅಡಿಕೆಯ ತೋಟಗಳಿಗೆ ಬೇಸಿಗೆಯಲ್ಲೂ ನೀರು ಬೇಕು. ಬೆಳೆ ಬದಲಿಸುವುದು ವರ್ಷದ ಮಾತಲ್ಲ. ಹೀಗಾಗಿಯೇ ಗೊರೂರು ಜಲಾಶಯದಿಂದ ಬಾಗೂರು-ನವಿಲೆ ಸುರಂಗ ದಾಟಿ ಬರುವ ನೀರು ಇಲ್ಲಿ ಜೀವನ್ಮರಣದ ಪ್ರಶ್ನೆಯಾಗಿದೆ. ತುಮಕೂರು ನಗರದ ಕುಡಿಯುವ ನೀರಿಗೆ ಆಸರೆಯಾದ ಬುಗುಡನಹಳ್ಳಿ ಕೆರೆಯೂ ಅದನ್ನೇ ನಂಬಿದೆ. ದೂರದ ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಮೂರೂ ಕಡೆಯವರಿಗೆ ಸಂಕಟ ತಪ್ಪದು.

ಸಾಮೂಹಿಕ ಸಂಪತ್ತು ಎಲ್ಲರ ಸ್ವಾರ್ಥಕ್ಕೆ ಸಿಲುಕಿ ನಾಶವಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಬಳಸುವವರೇ ನಿಯಮ ರೂಪಿಸಿ ಕಾವಲು ಕಾದರೆ ಅದು ಉಳಿಯುತ್ತದೆಂದು ತೋರಿಸಿದ ಎಲಿನಾರ್ ಆಸ್ಟ್ರಂ 2009ರಲ್ಲಿ ನೊಬೆಲ್ ಪಡೆದರು. ನಮ್ಮ ಕೆರೆಗಳ ನೀರುಗಂಟಿ ತೂಬೆತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದುದು ಇದೇ ತತ್ತ್ವದ ಮೇಲೆ.

ಕೊಳವೆಯ ವ್ಯಾಸ, ಆಳಗಳ ಚರ್ಚೆ ನಡೆಯಲಿ. ಅದಕ್ಕೂ ಮೊದಲು ನಾಲೆಯ ಪ್ರತಿ ತೂಬಿನಲ್ಲಿ ಹರಿದ ನೀರಿನ ಲೆಕ್ಕ ಎರಡೂ ತಾಲ್ಲೂಕಿನ ರೈತರ ಮುಂದೆ ಬಹಿರಂಗವಾಗಬೇಕು. ರಾಜಕಾಲುವೆಗಳ ಒತ್ತುವರಿ ತೆರವಾಗಿ, ಹೂಳು ತುಂಬಿದ ಕೆರೆಗಳು ಸ್ವಂತ ಮಳೆಯನ್ನು ಹಿಡಿಯುವಂತಾಗಬೇಕು. ಇಲ್ಲವಾದರೆ ಕಾಲುವೆ ಎಷ್ಟೇ ನೇರವಾದರೂ ಜಗಳ ಮಾತ್ರ ಬಗೆಹರಿಯದು.