ಮನೆ–ವ್ಯವಹಾರ: ತಳಘರಕ್ಕೆ ಎಂಥ ನೆಲ ಹಾಕಿಸಬೇಕು?



ನಮ್ಮ ವ್ಯಾಪಾರಿ ಮನೆತನಗಳ ಕಟ್ಟಡಗಳಿಗೆ ಒಂದು ರೀತಿ ಇದೆ. ರಸ್ತೆಗೆ ಮುಖಮಾಡಿ ಅಂಗಡಿ, ಅದರ ಮೇಲೆ ಸಂಸಾರ, ಅದರ ಕೆಳಗೆ ದಾಸ್ತಾನು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಇದನ್ನು ತಳಘರ ಎನ್ನುತ್ತೇವೆ. ಉಳಿದವರಿಗೆ ಇದು ನೆಲಮಾಳಿಗೆ. ಹೊಸ ಮನೆ ಕಟ್ಟಿಸುವಾಗ ಮೇಲಿನ ಪಡಸಾಲೆಗೆ ಯಾವ ಟೈಲ್ಸ್ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಅಂಗಡಿ ಸುತ್ತುತ್ತೇವೆ. ತಳಘರದ ಮಾತು ಬಂದಾಗ ಮಾತ್ರ ಮೇಲೆ ಉಳಿದದ್ದನ್ನು ಅಲ್ಲಿ ಹಾಕಿಬಿಡು ಎಂದು ಗೌಂಡಿಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ನಿಜವಾಗಿ ಹೆಚ್ಚು ವಿಚಾರ ಬೇಕಾದದ್ದು ಕೆಳಗಿನ ನೆಲಕ್ಕೇ. ಮೇಲಿನ ನೆಲ ಕೆಟ್ಟರೆ ಅಂದ ಕೆಡುತ್ತದೆ. ಕೆಳಗಿನ ನೆಲ ಕೆಟ್ಟರೆ ಮಾಲು ಕೆಡುತ್ತದೆ, ಆರೋಗ್ಯ ಕೆಡುತ್ತದೆ, ವ್ರತವೂ ಕೆಡುತ್ತದೆ.

ವ್ರತದ ಮಾತು ಇಲ್ಲೇಕೆ ಎನ್ನಬಹುದು. ಗೃಹಸ್ಥನ ಹಿಂಸೆಯನ್ನು ನಮ್ಮ ಆಚಾರ್ಯರು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮನೆ ಕಟ್ಟುವುದು ಆರಂಭೀ, ವ್ಯಾಪಾರ ನಡೆಸುವುದು ಉದ್ಯೋಗೀ. ಇವನ್ನು ಗೃಹಸ್ಥ ಪೂರ್ಣ ಬಿಡಲಾರ, ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು. ಆದರೆ ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ನಮಗೂ ವರ್ಜ್ಯವೇ. ತಳಘರ ತೇವಗೊಂಡರೆ ಏನಾಗುತ್ತದೆ ನೋಡಿ. ಮೊದಲು ಗೋಡೆಯ ಬುಡದಲ್ಲಿ ಬೂಷ್ಟು, ಪಾಚಿ. ಆಮೇಲೆ ಕಾಳಿನಲ್ಲಿ ನುಸಿ, ಕಟ್ಟಿಗೆಯಲ್ಲಿ ಗೆದ್ದಲು, ಸಂದಿನಲ್ಲಿ ಜಿರಳೆ. ಕೊನೆಗೆ ಔಷಧ ಹೊಡೆಸುವ ಮಾತು. ಒಣಗಿದ ನೆಲವಿದ್ದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಜೀವ ಹುಟ್ಟಲು ಅನುಕೂಲ ಮಾಡಿಕೊಟ್ಟು ಆಮೇಲೆ ಕೊಲ್ಲುವುದಕ್ಕಿಂತ, ಹುಟ್ಟದಂತೆ ಎಚ್ಚರ ವಹಿಸುವುದೇ ಶ್ರಾವಕನ ದಾರಿ.

ತಳಘರಕ್ಕೆ ತೇವ ಮೂರು ದಾರಿಯಿಂದ ಬರುತ್ತದೆ: ನೆಲದಡಿಯಿಂದ ಮೇಲಕ್ಕೆ ಏರುವುದು, ಗೋಡೆಯಿಂದ ಒಸರುವುದು, ಮಳೆಗಾಲದ ಹಸಿ ಗಾಳಿ ತಂಪು ನೆಲಕ್ಕೆ ತಾಗಿ ಹನಿಗಟ್ಟುವುದು. ಯಾವ ಕಲ್ಲು, ಯಾವ ಟೈಲ್ಸ್ ಎಂದು ಕೇಳುವ ಮೊದಲು ನಿಮ್ಮಲ್ಲಿ ಯಾವ ದಾರಿ ತೆರೆದಿದೆ ಎಂದು ತಿಳಿಯಬೇಕು. ಅದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲದ ಮೇಲೆ ಹಾಸಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ಇಲ್ಲವೆ ಅಲ್ಲಿಯ ನೆಲ ಕಪ್ಪಾಗಿದ್ದರೆ, ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲೆ ಹನಿ ಇದ್ದರೆ ಅದು ಗಾಳಿಯದು. ಮಳೆಗಾಲದಲ್ಲಿ ಎರಡು ಮೂರು ಕಡೆ ಹೀಗೆ ನೋಡಿ. ಹೊಸ ಕಾಂಕ್ರೀಟಿನಲ್ಲಿ ಅದರದ್ದೇ ನೀರು ಇರುವುದರಿಂದ ಕನಿಷ್ಠ ಒಂದು ತಿಂಗಳಾದರೂ ಕಳೆದ ಮೇಲೆ ಪರೀಕ್ಷಿಸಬೇಕು.

ಇನ್ನು ಕಾಣದ ನೆಲದ ಮಾತು. ಕಣ್ಣಿಗೆ ಕಾಣುವ ಫರಸಿಗಿಂತ ಅದರ ಕೆಳಗೆ ಏನಿದೆ ಎಂಬುದೇ ಮುಖ್ಯ. ಸೊಲ್ಲಾಪುರ, ಜತ್ತ, ಆದವಾನಿ ಸೀಮೆಯಲ್ಲಿ ಎರೆಮಣ್ಣು ಹೆಚ್ಚು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ನೆಲ ಎಷ್ಟೇ ಬೆಲೆಯದಾದರೂ ಸೀಳುತ್ತದೆ. ಆದ್ದರಿಂದ ಎಂಜಿನಿಯರರನ್ನು ಕೇಳಿ, ಬೇಕಾದಷ್ಟು ಆಳದ ಎರೆಮಣ್ಣು ತೆಗೆಸಿ ಗರಸು ತುಂಬಿಸಿ, ನೀರು ಹೊಡೆದು ಗಟ್ಟಿಯಾಗಿ ಬಡಿಸಬೇಕು. ಅದರ ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಒಂದು ಹಾಳೆ ಇನ್ನೊಂದರ ಮೇಲೆ ಅರ್ಧ ಅಡಿ ಕೂಡಿರಲಿ, ಅಂಚು ಗೋಡೆಯ ಮೇಲೆ ಸ್ವಲ್ಪ ಏರಿರಲಿ. ಅದರ ಮೇಲೆ 4 ಅಂಗುಲ ಕಾಂಕ್ರೀಟ್. ನೆಲಕ್ಕೆ 10 ಅಡಿಗೆ 1 ಅಂಗುಲದಷ್ಟು ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಲ್ಲಿ ಮುಚ್ಚಳವಿರುವ ಸಣ್ಣ ಕುಣಿ ಮಾಡಿಸಿದರೆ ಅಕಸ್ಮಾತ್ ನುಗ್ಗಿದ ನೀರನ್ನು ಪಂಪಿನಿಂದ ಎತ್ತಿ ಹಾಕಬಹುದು.

ಮೇಲಿನ ಹಾಸು ಊರಿಗೆ ತಕ್ಕಂತೆ ಇರಲಿ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಕಲಬುರಗಿ ಜಿಲ್ಲೆಯ ಶಹಾಬಾದ್ ಫರಸಿ ಹತ್ತಿರದ್ದು. ಪಶ್ಚಿಮ ತೆಲಂಗಾಣದವರಿಗೆ ತಾಂಡೂರಿನ ಕಲ್ಲು ಮನೆಬಾಗಿಲಲ್ಲೇ ಇದೆ. ಚೀಲ ಎಳೆದರೂ, ತೂಕದ ಕಲ್ಲು ಬಿದ್ದರೂ ಇವು ತಾಳಿಕೊಳ್ಳುತ್ತವೆ. ಆದರೆ ಇವೆರಡೂ ಸುಣ್ಣದ ಕಲ್ಲುಗಳು. ಹುಣಸೆಹಣ್ಣು, ನಿಂಬೆ, ಉಪ್ಪಿನಕಾಯಿಯ ವ್ಯಾಪಾರವಿರುವವರ ನೆಲವನ್ನು ಹುಳಿ ತಿನ್ನುತ್ತದೆ. ಎಣ್ಣೆ ವ್ಯಾಪಾರಿಗಳಲ್ಲಿ ಕಲೆ ಇಳಿಯುತ್ತದೆ. ಅಂಥವರಿಗೆ ಹೊಳಪಿಲ್ಲದ, ಜಾರದ ವಿಟ್ರಿಫೈಡ್ ಟೈಲ್ಸ್ ಲೇಸು. ಅದು ಹೀರುವ ನೀರು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಹಣ ಕಡಿಮೆಯಿದ್ದರೆ ಚೆನ್ನಾಗಿ ತಿಕ್ಕಿದ ಸಿಮೆಂಟ್ ನೆಲವೇ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕಾಸರಗೋಡು, ವಯನಾಡಿನ ನಮ್ಮ ಬಂಧುಗಳಿಗೆ ಬೇರೆಯೇ ಮಾತು. ಸೊಲ್ಲಾಪುರದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಕಾಸರಗೋಡಿನಲ್ಲಿ 3,000 ಮಿ.ಮೀ. ದಾಟುತ್ತದೆ. ಅಲ್ಲಿಯ ಮುರಕಲ್ಲು ನೀರನ್ನು ಜರಡಿಯಂತೆ ಬಿಡುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಮೊದಲು ನೋಡಿ. ನಿಮ್ಮ ತಳಘರದ ನೆಲ ಆ ಮಟ್ಟಕ್ಕಿಂತ ಕೆಳಗೆ ಬರುವಂತಿದ್ದರೆ ಆಸೆ ಬಿಡುವುದೇ ಜಾಣತನ. ಆ ಹಣದಲ್ಲಿ ಎತ್ತರದ ಜಗುಲಿಯ ಕಣಜ ಕಟ್ಟಿಸಿ. ನಮ್ಮ ಹಿರಿಯರು ಬಯಲುಸೀಮೆಯಲ್ಲಿ ಜೋಳಕ್ಕೆ ಹಗೇವು ತೋಡಿದರು. ಒಣ ನೆಲ ಹುಡುಕಿ, ಒಳಗೆ ಹುಲ್ಲು ಹೊದಿಸಿ, ಬಾಯಿ ಭದ್ರ ಮುಚ್ಚಿದರು. ಮಳೆನಾಡಿನಲ್ಲಿ ಧಾನ್ಯವನ್ನು ಅಟ್ಟಕ್ಕೆ ಏರಿಸಿದರು. ಎರಡೂ ಕಡೆ ಅವರು ಮೊದಲು ಕೇಳಿದ್ದು ನೆಲದ ಮಾತನ್ನು.

ಯಾವುದು ಬೇಡ ಎನ್ನುವುದೂ ಅಷ್ಟೇ ಮುಖ್ಯ. ಮರದ ಹಾಸು, ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ತೇವಕ್ಕೆ ಉಬ್ಬುತ್ತವೆ. ತೇವದ ನೆಲಕ್ಕೆ ವಿನೈಲ್ ಹಾಸಿದರೆ ನೀರಿನ ಅಂಶ ಅಡಿಯಲ್ಲೇ ಸಿಕ್ಕಿ ಬೂಷ್ಟು ಕಟ್ಟುತ್ತದೆ. ಮೇಲೆ ನೋಡಿದರೆ ಚೆಂದ, ಎತ್ತಿ ನೋಡಿದರೆ ಜೀವರಾಶಿ. ಜಮಖಾನ, ಕಾರ್ಪೆಟ್ಟು ಕೆಳಗೆ ಸಲ್ಲವು. ಬಣ್ಣದ ವಿಷಯದಲ್ಲೂ ಒಂದು ಮಾತು. ಕೊಳೆ ಕಾಣದಿರಲೆಂದು ಕಡಪದ ಕಪ್ಪು ಕಲ್ಲು ಹಾಕಿಸುವವರಿದ್ದಾರೆ. ಕೊಳೆ ಕಾಣದ ನೆಲದಲ್ಲಿ ಇರುವೆಯೂ ಕಾಣದು. ನೋಡಿ ಹೆಜ್ಜೆಯಿಡು ಎನ್ನುವ ಧರ್ಮದವರಿಗೆ ತಿಳಿಬೂದು, ತಿಳಿಹಳದಿ ನೆಲವೇ ಒಪ್ಪುತ್ತದೆ. ಸಂದು ಕಡಿಮೆಯಾಗಲು ದೊಡ್ಡ ಫರಸಿ ಆರಿಸಿ, ಸಂದುಗಳನ್ನು ಪೂರ್ತಿ ತುಂಬಿಸಿ, ಗೋಡೆ–ನೆಲ ಕೂಡುವ ಮೂಲೆಯನ್ನು ದುಂಡಗೆ ಮಾಡಿಸಿ. ಜೀವ ಅಡಗುವ ಜಾಗ ಇರುವುದಿಲ್ಲ, ಪೊರಕೆಯೂ ಮೃದುವಾಗಿ ಆಡುತ್ತದೆ.

ನೆಲ ಒಳ್ಳೆಯದಾದರೂ ಚೀಲವನ್ನು ನೆಲಕ್ಕೆ ತಾಗಿಸಬೇಡಿ. ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಇಡಿ, ಗೋಡೆಯಿಂದ 2 ಅಡಿ ದೂರವಿರಲಿ. ಕಾಳಿನ ತೇವಾಂಶ ನೂರಕ್ಕೆ 12ಕ್ಕಿಂತ ಕಡಿಮೆಯಾಗುವ ಹಾಗೆ ಒಣಗಿಸಿ ಇಳಿಸಿ. ಹೊರಗೆ ಮಳೆ ಹನಿಯುವಾಗ ಕಿಟಕಿ ಮುಚ್ಚಿ, ಬಿಸಿಲು ಬಿದ್ದಾಗ ತೆರೆಯಿರಿ. ಶಾಸ್ತ್ರಗ್ರಂಥ, ಹಳೆಯ ಓಲೆಗರಿಗಳನ್ನು ಎಂದೂ ತಳಘರಕ್ಕೆ ಇಳಿಸಬೇಡಿ. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಒರೆಸುವ ವಾಡಿಕೆ ಮಳೆಗಾಲದ ಮುಂಚೆಯೇ ಬರುತ್ತದೆ. ಅದೇ ವಾರ ತಳಘರವನ್ನೂ ಖಾಲಿ ಮಾಡಿ ನೆಲದ ಬಿರುಕು ನೋಡಿದರೆ ಚಾತುರ್ಮಾಸ ನಿಶ್ಚಿಂತೆ.

ಕೊನೆಗೆ ಅತಿ ಗಂಭೀರವಾದ ಎಚ್ಚರಿಕೆ. ನುಸಿ ಬಿದ್ದಿತೆಂದು ಕಾಳಿನ ಚೀಲಗಳ ನಡುವೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು ಬಾಗಿಲು ಹಾಕಿ, ಮೇಲಿನ ಕೋಣೆಯಲ್ಲಿ ಮಕ್ಕಳೊಡನೆ ಮಲಗುವವರಿದ್ದಾರೆ. ಆ ಮಾತ್ರೆಗೆ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಹೊಮ್ಮುತ್ತದೆ. ಪೈಪಿನ ಕಂಡಿ, ಮೆಟ್ಟಿಲ ಬಾಗಿಲ ಸಂದಿನಿಂದ ಅದು ಮೇಲಕ್ಕೂ ಬರುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ಹೀಗೆ ಮಲಗಿದವರು ಬೆಳಗಿಗೆ ಏಳದ ಸುದ್ದಿಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬಂದಿವೆ. ವಾಸದ ಮನೆಯ ಕೆಳಗೆ ಅದನ್ನು ಇಡಲೇಬಾರದು. ನುಸಿ ಬಿದ್ದ ಕಾಳನ್ನು ಮಹಡಿಗೆ ಒಯ್ದು ನೆರಳಿನಲ್ಲಿ ಹರಡಿ, ಜೀವಗಳು ಸರಿದುಹೋಗಲು ಬಿಟ್ಟು, ಹಗುರಾಗಿ ಜರಡಿಯಾಡಿಸಿ. ಒಂದೆರಡು ಚೀಲ ನಷ್ಟವಾದರೆ ಆಗಲಿ, ಲೆಕ್ಕದ ಪುಸ್ತಕದಲ್ಲಿ ಅದು ಸಣ್ಣ ಅಂಕಿ.

ಇನ್ನೂ ಒಂದು ಪ್ರಶ್ನೆಯನ್ನು ಗೌಂಡಿಯನ್ನು ಕರೆಯುವ ಮೊದಲೇ ಮನೆಮಂದಿ ಕೂತು ಕೇಳಿಕೊಳ್ಳೋಣ: ಇಷ್ಟು ದೊಡ್ಡ ತಳಘರ ನಮಗೆ ಬೇಕೆ? ಮೂರು ವರ್ಷದಿಂದ ಕೈಮುಟ್ಟದ ಸಾಮಾನಿಗಾಗಿ ನೆಲ ಅಗೆಯುವುದಾದರೆ ಅದು ಪರಿಗ್ರಹವೇ ಸರಿ. ಮೊದಲು ಪರಿಮಾಣ ನಿಶ್ಚಯವಾಗಲಿ, ಆಮೇಲೆ ಅಳತೆ, ಆಮೇಲೆ ಫರಸಿ. ಈ ಕ್ರಮದಲ್ಲಿ ನಡೆದರೆ ಖರ್ಚೂ ಇಳಿಯುತ್ತದೆ, ಕರ್ಮದ ಭಾರವೂ ಇಳಿಯುತ್ತದೆ.