ಸಹಿ ಹಾಕಿದ್ದು ಯಾವುದಕ್ಕೆ?

ಹೋದ ತಿಂಗಳು ಕೋಸಿಗಿ ಕಡೆಯ ಹುಡುಗನೊಬ್ಬ ಕೆವೈಸಿ ಕೊಡೋಕೆ ನಮ್ಮ ಬ್ಯಾಂಕಿಗೆ ಬಂದಿದ್ದ. ಹೈದರಾಬಾದಿನ ಒಂದು ಕಟ್ಟಡದ ಸೈಟಿನಲ್ಲಿ ವೆಲ್ಡಿಂಗ್ ಹೆಲ್ಪರ್. ಕೆಲಸ ಮುಗಿದ ಮೇಲೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. "ಅಣ್ಣಾ, ದಿನಾ ಮುಂಜಾನೆ ಇದಕ್ಕ ಸೈನ್ ಹಾಕಸ್ಕೊಂತಾರ. ಇದರಾಗ ಏನ್ ಬರದೈತಿ?"

ಪೂರ್ತಿ ಇಂಗ್ಲಿಷಿನಲ್ಲಿದ್ದ ಹಾಟ್ ವರ್ಕ್ ಪರ್ಮಿಟ್ ಅದು. ಕೆಳಗೆ ಅವನ ಸಹಿ, ಕನ್ನಡದಲ್ಲೇ, ದುಂಡಗೆ. ಸಹಿಯ ಪಕ್ಕ 'ಫೈರ್ ವಾಚರ್' ಅಂತ ಅಚ್ಚಾಗಿತ್ತು. ಅಂದ್ರೆ ಬೆಂಕಿ ಕಾಯೋನು. ವೆಲ್ಡಿಂಗ್ ನಡೆಯೋವಷ್ಟು ಹೊತ್ತು ಬೇರೆ ಕೆಲಸ ಮುಟ್ಟದೆ ಕಿಡಿ ಎಲ್ಲಿ ಬೀಳುತ್ತೆ ಅಂತ ನೋಡ್ತಾ ನಿಲ್ಲಬೇಕು, ಮುಗಿದ ಮೇಲೂ ಒಂದು ಗಂಟೆ ಕದಲಬಾರದು ಅಂತ ಅದರಲ್ಲಿತ್ತು. ಓದಿ ಹೇಳಿದೆ. "ನಾನಾ? ಮೆಷಿನ್ ಆಫ್ ಆದ ಕೂಡಲೇ ರಾಡ್ ಎತ್ತಾಕ ಕೆಳಗ ಕಳಿಸ್ತಾರಣ್ಣ!" ಅಂತ ನಕ್ಕ. ನನಗೆ ನಗು ಬರಲಿಲ್ಲ. ನಾಳೆ ಅಲ್ಲಿ ಬೆಂಕಿ ಬಿದ್ದರೆ ಮೊದಲು ಹುಡುಕೋದು ಆ ಕಾಗದ, ಅದರಲ್ಲಿ ಸಿಗೋ ಹೆಸರು ಇವನದು.

ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡರ್, ಕಿಡಿ ಹಾರಿಸೋ ಕೆಲಸ ಎಲ್ಲವೂ ಹಾಟ್ ವರ್ಕ್. ಬಹಳಷ್ಟು ಕಂಪನಿಗಳು ಅನುಸರಿಸೋ ಅಮೆರಿಕದ ಎನ್‌ಎಫ್‌ಪಿಎ 51ಬಿ ಮಾನದಂಡದ ಪ್ರಕಾರ ಸುತ್ತ 35 ಅಡಿ, ಅಂದ್ರೆ ಸುಮಾರು 11 ಮೀಟರ್ ಒಳಗೆ ಹತ್ತಿಕೊಳ್ಳೋ ಸಾಮಾನು ಇರಬಾರದು. ತೆಗೆಯೋಕೆ ಆಗದಿದ್ರೆ ಬೆಂಕಿ ತಡೆಯೋ ಹೊದಿಕೆ ಹಾಕಬೇಕು. ನಮ್ಮ ಸೈಟುಗಳಲ್ಲಿ ಹಾಕೋ ಪ್ಲಾಸ್ಟಿಕ್ ತಾಡಪತ್ರಿ ಹೊದಿಕೆಯಲ್ಲ, ಅದೇ ಉರುವಲು. ಕೆಲಸದ ನಂತರದ ಕಾವಲು ಮೊದಲು ಅರ್ಧ ಗಂಟೆ ಇತ್ತು, 2019ರಲ್ಲಿ ಒಂದು ಗಂಟೆ ಮಾಡಿದರು. ಯಾಕಂದ್ರೆ ಸಂದಿಗೆ ಬಿದ್ದ ಕಿಡಿ ಕೂಡಲೇ ಉರಿಯಲ್ಲ. ಎಲ್ಲರೂ ಊಟಕ್ಕೆ ಹೋದ ಮೇಲೆ ಏಳುತ್ತೆ.

ನಮ್ಮ ಬ್ಯಾಂಕಿನಲ್ಲಿ ವೋಚರ್ ಬರೆದವನೇ ಪಾಸ್ ಮಾಡೋ ಹಾಗಿಲ್ಲ. ಒಬ್ಬ ಮೇಕರ್, ಇನ್ನೊಬ್ಬ ಚೆಕರ್. ಪರ್ಮಿಟ್ ಅಂದ್ರೂ ಅಷ್ಟೇ. ವೆಲ್ಡರ್ ಕೇಳಬೇಕು, ಜವಾಬ್ದಾರಿ ಇರೋ ಇನ್ನೊಬ್ಬ ಜಾಗಕ್ಕೆ ಬಂದು ಕಣ್ಣಾರೆ ನೋಡಿ ಕೊಡಬೇಕು. ಅದು ಆ ಜಾಗಕ್ಕೆ, ಆ ಪಾಳಿಗೆ ಮಾತ್ರ. ಮೂರನೇ ಮಹಡಿಗೆ ಕೊಟ್ಟದ್ದು ನಾಲ್ಕನೇ ಮಹಡಿಗೆ ನಡೆಯಲ್ಲ. ಆಫೀಸಲ್ಲಿ ಕೂತು ವಾರದ ಪರ್ಮಿಟ್ ಒಟ್ಟಿಗೆ ಬರೆಯೋ ಮೇಸ್ತ್ರಿಗಳೂ ಇದ್ದಾರೆ. ಅದನ್ನ ಪರ್ಮಿಟ್ ಅನ್ನಲ್ಲ, ಖಾಲಿ ಚೆಕ್ಕಿಗೆ ಸಹಿ ಅಂತಾರೆ.

ಇದು ಬರೀ ಕಾಗದದ ಮಾತು ಅನ್ನೋರು 2024ರ ಮೇ 25ರ ರಾಜ್‌ಕೋಟ್ ನೆನಪು ಮಾಡ್ಕೊಳ್ರಿ. ಟಿಆರ್‌ಪಿ ಗೇಮ್ ಝೋನಿನಲ್ಲಿ ಮಕ್ಕಳು ಆಡ್ತಿದ್ದಾಗಲೇ ಮೇಲೆ ವೆಲ್ಡಿಂಗ್ ನಡೀತಿತ್ತು. ಕಿಡಿ ಬಿದ್ದದ್ದು ಸಿಸಿಟಿವಿಯಲ್ಲೇ ಇದೆ. 27 ಜೀವ ಹೋದವು. ಆ ಜಾಗಕ್ಕೆ ಅಗ್ನಿಶಾಮಕದ ಎನ್‌ಒಸಿಯೇ ಇರಲಿಲ್ಲ. ಪುಣೆಯಲ್ಲಿ 2021ರ ಜನವರಿ 21ರಂದು ಸೀರಂ ಇನ್‌ಸ್ಟಿಟ್ಯೂಟಿನ ಕಟ್ಟುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗಲೂ ಮೊದಲ ಅನುಮಾನ ವೆಲ್ಡಿಂಗ್ ಮೇಲೆಯೇ. ಸತ್ತ ಐವರೂ ಕೂಲಿಗೆ ಬಂದವರು.

ನಮ್ಮ ಆದವಾನಿ ಹತ್ತಿಯ ಊರು, ಇಲ್ಲಿ ಭಯ ಇನ್ನೊಂದು ತೂಕ ಹೆಚ್ಚು. ಜಿನ್ನಿಂಗ್ ಮಿಲ್ಲಿನ ಶೆಡ್ ದೊಡ್ಡದು ಮಾಡೋದು, ಹೊಸ ಟ್ರಸ್ ಏರಿಸೋದು, ಎಲ್ಲಕ್ಕೂ ವೆಲ್ಡರ್ ಬೇಕು. ತೊಲೆ ಮೇಲೆ, ಗೋಡೆ ಮೂಲೆಯಲ್ಲಿ ಕೂತ ಹತ್ತಿಯ ಧೂಳಿಗೆ ಒಂದು ಕಿಡಿ ಸಾಕು. ಬೇಲಿನೊಳಗೆ ಹೊಕ್ಕ ಕಿಡಿ ಹೊರಗೆ ಕಾಣದೆ ದಿನಗಟ್ಟಲೆ ಹೊಗೆಯಾಡ್ತಾ ಇರಬಹುದು. ಇಂಥ ಕಡೆ ಒಂದು ಗಂಟೆ ಕಾವಲು ಏನೂ ಸಾಲದು. ಬೇಲಿನ ಮೇಲೆ ಸಾಲ ಕೊಡುವಾಗ ಬ್ಯಾಂಕು ಬೆಂಕಿ ವಿಮೆ ಕೇಳುತ್ತೆ, ಪಾಲಿಸಿಯಲ್ಲಿ ತನ್ನ ಹೆಸರೂ ಹಾಕಿಸುತ್ತೆ. ಎಷ್ಟೋ ಫೈಲು ನೋಡಿದೀನಿ. ಶೆಡ್ಡಿನ ಮೇಲೆ ಹತ್ತಿದ ದಿನಗೂಲಿ ಹುಡುಗನ ಹೆಸರು ಮಾತ್ರ ಯಾವುದರಲ್ಲೂ ಕಂಡಿಲ್ಲ. (ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸ್ಕೊಳ್ರಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಕೋಸಿಗಿ ಹುಡುಗನಿಗೆ ಅವತ್ತೇ ಮಾಡಿಸಿದೆ.)

ಈಗ ಭಾಷೆಯ ಮಾತು. ನಾವು ತೆಲುಗು ಮಾತಾಡ್ತೀವಿ, ಆದ್ರೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅಕ್ಷರ ಅಂದ್ರೆ ಕನ್ನಡವೇ. ಕಾರ್ಖಾನೆಯಲ್ಲಿ ಹಾಕೋ ನೋಟಿಸು ಇಂಗ್ಲಿಷ್ ಜೊತೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗೋ ಭಾಷೆಯಲ್ಲೂ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ನೇ ಹೇಳಿತ್ತು. 'ಹೆಚ್ಚಿನ' ಅನ್ನೋ ಪದದಲ್ಲೇ ನಮ್ಮಂಥೋರು ಜಾರಿ ಹೋಗ್ತೀವಿ, ಒಪ್ತೀನಿ. ಆದ್ರೆ ಪರ್ಮಿಟ್ ಗೋಡೆ ಮೇಲಿನ ನೋಟಿಸಲ್ಲ, ಒಬ್ಬೊಬ್ಬನ ಸಹಿ ಬೇಡೋ ಕಾಗದ. ಸಹಿ ಹಾಕೋನಿಗೆ ತಿಳಿಯದಿದ್ದರೆ ಅದು ಅವನನ್ನ ಕಾಯಲ್ಲ, ಬೇರೆಯವರನ್ನ ಕಾಯುತ್ತೆ.

ಹಂಗಂತ ಸಹಿ ಹಾಕಲ್ಲ ಅಂತ ಜಗಳಕ್ಕೆ ನಿಲ್ರಿ ಅಂತ ಹೇಳ್ತಿಲ್ಲ. ಗುಳೆ ಹೋದ ಊರಲ್ಲಿ ಅದು ಎಷ್ಟು ಕಷ್ಟ ಅಂತ ಗೊತ್ತು. "ಓದಿ ಹೇಳ್ರಿ ಸಾರ್, ಆಮೇಲೆ ಹಾಕ್ತೀನಿ" ಅನ್ನೋದಕ್ಕೆ ಮೇಸ್ತ್ರಿ ಸಿಟ್ಟಾದ್ರೂ ತಪ್ಪು ಅನ್ನೋಕಾಗಲ್ಲ. ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿದೆ, ಕಿಡಿ ಬೀಳೋ ಕೆಳಗಿನ ಮಹಡಿಯಲ್ಲಿ ಏನಿಟ್ಟಿದ್ದಾರೆ, ಕಾವಲಿಗೆ ಯಾರು ಅಂತ ಕೇಳ್ರಿ. ಖಾಲಿ ಡೀಸೆಲ್ ಡ್ರಮ್ ಕೊಯ್ಯಿ ಅಂದ್ರೆ ಮಾತ್ರ ಖಡಾಖಂಡಿತ ಬೇಡ ಅನ್ರಿ. ಒಳಗಿನ ಆವಿ ಪೂರ್ತಿ ತೆಗೆಯೋವರೆಗೂ ಅದು ಬಾಂಬ್ ಇದ್ದಂಗೆ. ದೂರು ಬರೆಯೋದಾದ್ರೆ ನಮ್ಮ ರಾಜ್ಯದ ಅಧಿಕಾರಿಗೆ ಕನ್ನಡದಲ್ಲೇ ಬರೀರಿ, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ.

ಒಂದೇ ಪುಟದ ಪರ್ಮಿಟ್ಟನ್ನ ಸರಳ ಕನ್ನಡದಲ್ಲಿ ಬರೀತಾ ಇದ್ದೀವಿ. ಮುಂದಿನ ಭಾನುವಾರ ಇಲ್ಲೇ ಹಾಕ್ತೀವಿ. ಆಲೂರು, ಹೊಳಗುಂದ, ಎಮ್ಮಿಗನೂರು ಕಡೆ ಫ್ಯಾಬ್ರಿಕೇಶನ್ ಅಂಗಡಿ ಇಟ್ಕೊಂಡಿರೋ ಅಣ್ಣಂದಿರು ನೋಡಿ, ತಪ್ಪಿದ್ರೆ ತಿದ್ರಿ. ನಾನು ಬಿಕಾಂ ಓದಿದೋನು, ವೆಲ್ಡಿಂಗ್ ರಾಡ್ ಹಿಡಿದೋನಲ್ಲ.