ಅಲ್ಲಿ ಘಮ, ಇಲ್ಲಿ ನಾತ

ಜಪಾನಿಗೆ ಹೋಗಿ ಬಂದವರ ಫೋಟೋಗಳಲ್ಲಿ ಫ್ಯೂಜಿ ಬೆಟ್ಟ ಇಲ್ಲದಿದ್ರೂ ಒಂದು ಬಟ್ಟಲು ರಾಮೆನ್ ಇದ್ದೇ ಇರುತ್ತೆ. ಅದರಲ್ಲೂ ಸ್ವಲ್ಪ 'ತಿಳಿದವರು' ಟೋಕಿಯೋದಲ್ಲೇ ನಿಲ್ಲಲ್ಲ. ಶಿಂಕಾನ್‌ಸೆನ್ ರೈಲು ಹತ್ತಿ ಕ್ಯೂಶೂ ದ್ವೀಪದ ಫುಕುಓಕಾಗೆ ಹೋಗಿ, ಅಲ್ಲಿನ ಹಕಾತಾದಲ್ಲಿ ತೊಂಕೊತ್ಸು ರಾಮೆನ್ ತಿಂದು ಬರ್ತಾರೆ. ತೊನ್ ಅಂದ್ರೆ ಹಂದಿ, ಕೊತ್ಸು ಅಂದ್ರೆ ಮೂಳೆ. ಹಾಲಿನ ಹಾಗೆ ಬೆಳ್ಳಗಿರುವ ಮಂದ ಸೂಪು, ಅದರಲ್ಲಿ ಸಣ್ಣನೆ ನೂಡಲ್ಸು, ಮೇಲೆರಡು ತುಂಡು ಹಂದಿ ಮಾಂಸ. ಕೆಳಗೆ ಕ್ಯಾಪ್ಷನ್ನು: ಕ್ರೀಮಿ, ಉಮಾಮಿ, ಸ್ವರ್ಗ.

ಸಂತೋಷ. ನನ್ನ ತಕರಾರು ಆ ಬಟ್ಟಲಿನ ಮೇಲಲ್ಲ. ಅದೇ ಜನ ವಾಪಸ್ ಬಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಯಾರ ಮನೇಲೋ ಮಾಂಸ ಬೇಯ್ತಿದೆ, ಲಿಫ್ಟ್ ತುಂಬಾ ನಾತ, ಏನಾದ್ರೂ ಮಾಡಿ ಅಂತ ಬರೀತಾರಲ್ಲ, ಅದರ ಮೇಲೆ.

ಯಾಕಂದ್ರೆ, ಹಳೇ ಶೈಲಿಯ ತೊಂಕೊತ್ಸು ಅಂಗಡಿ ಕಣ್ಣಿಗೆ ಬೀಳೋ ಮುಂಚೆ ಮೂಗಿಗೆ ಸಿಗುತ್ತೆ. ಬೇರೆ ಸೂಪುಗಳನ್ನು ತಿಳಿಯಾಗಿರಲಿ ಅಂತ ಸಣ್ಣ ಉರಿಯಲ್ಲಿ ಇಡ್ತಾರೆ. ಇಲ್ಲಿ ಉಲ್ಟಾ. ಹಂದಿಯ ತೊಡೆ ಮೂಳೆ, ತಲೆ, ಬೆನ್ನು ಮೂಳೆ ಎಲ್ಲಾ ದೊಡ್ಡ ಹಂಡೆಗೆ ಹಾಕಿ, ಜೋರು ಉರಿಯಲ್ಲಿ ಗಂಟೆಗಟ್ಟಲೆ ಕುದಿಸ್ತಾನೇ ಇರ್ತಾರೆ. ಮೂಳೆಯಲ್ಲಿರುವ ಕೊಲಾಜೆನ್ ಜೆಲಾಟಿನ್ ಆಗುತ್ತೆ, ನೆಣದ ಕೊಬ್ಬು ಕಣಕಣವಾಗಿ ಒಡೆದು ನೀರಲ್ಲಿ ಬೆರೆಯುತ್ತೆ. ಆ ಬಿಳಿ ಬಣ್ಣ ಬರೋದೇ ಹೀಗೆ. ಕುರುಮೆ ಊರಿನ ಕಡೆ ಹಂಡೆಯನ್ನು ಪೂರ್ತಿ ಖಾಲಿ ಮಾಡದೆ, ಹಳೇ ಸೂಪಿಗೆ ಹೊಸ ಮೂಳೆ ಸೇರಿಸ್ತಾ ಹೋಗುವ ಪದ್ಧತಿಯೂ ಇದೆ. ಅಂಥ ಅಂಗಡಿಯ ಗೋಡೆ, ಸ್ಟೂಲು, ನಿಮ್ಮ ಜಾಕೆಟ್ಟು ಎಲ್ಲಕ್ಕೂ ಆ ವಾಸನೆ ಹತ್ತುತ್ತೆ. ಅದನ್ನು ಹುಡುಕಿಕೊಂಡೇ ಹೋಗುವ ಅಭಿಮಾನಿಗಳಿದ್ದಾರೆ. ನಮ್ಮವರೂ ಕ್ಯೂ ನಿಂತು, ಟಿಕೆಟ್ ಮಷೀನಿಗೆ ಯೆನ್ ಹಾಕಿ, ಆ ವಾಸನೆಗೆ 'ಅಥೆಂಟಿಕ್' ಅಂತ ಹೆಸರಿಡ್ತಾರೆ.

ಈ ಸೂಪು ಯಾರದ್ದು ಅಂತಲೂ ಒಮ್ಮೆ ನೋಡಿ. ತೊಂಕೊತ್ಸು ಹುಟ್ಟಿದ್ದು ಅದೇ ಕುರುಮೆಯಲ್ಲಿ, 1937ರಲ್ಲಿ, ನಾನ್ಕಿನ್ ಸೆನ್‌ರ್ಯೋ ಅನ್ನೋ ತಳ್ಳುಗಾಡಿಯಲ್ಲಿ. ಅದು ಬೆಳ್ಳಗಾಗಿದ್ದು ಆಮೇಲೆ. 1947ರಲ್ಲಿ ಶುರುವಾದ ಸಾಂಕ್ಯೂ ಅನ್ನೋ ಇನ್ನೊಂದು ಗಾಡಿಯಲ್ಲಿ ಒಲೆ ಮೇಲಿದ್ದ ಹಂಡೆ ಬೇಕಾದ್ದಕ್ಕಿಂತ ಹೆಚ್ಚು ಕುದಿದುಬಿಡ್ತಂತೆ, ಸೂಪು ಹಾಲಾಯ್ತಂತೆ. ಯುದ್ಧ ಮುಗಿದು ಹೊಟ್ಟೆಗಿಲ್ಲದ ಕಾಲ ಅದು. ಮಾಂಸ ಕೊಳ್ಳೋಕೆ ಕಾಸಿಲ್ಲದವರಿಗೆ ಉಳಿದಿದ್ದು ಮೂಳೆ.

ಇನ್ನು ನೀವು ವಿಡಿಯೋ ಮಾಡುವ ಆ 'ಕಾಯೆದಾಮಾ', ಅಂದ್ರೆ ಸೂಪು ಉಳಿಸಿಕೊಂಡು ಇನ್ನೊಂದು ಉಂಡೆ ನೂಡಲ್ಸ್ ಹಾಕಿಸಿಕೊಳ್ಳೋದು? ಅದು ಫುಕುಓಕಾದ ನಾಗಹಾಮಾ ಮೀನು ಮಾರುಕಟ್ಟೆಯ ಕೂಲಿಗಳಿಗೆ ಮಾಡಿಕೊಟ್ಟ ಅನುಕೂಲ. ಅವರಿಗೆ ಟೈಮಿಲ್ಲ, ಅದಕ್ಕೇ ಬೇಗ ಬೇಯಲಿ ಅಂತ ನೂಡಲ್ಸ್ ಸಣ್ಣ. ಸಣ್ಣ ನೂಡಲ್ಸ್ ಬಿಸಿ ಸೂಪಿನಲ್ಲಿ ಬೇಗ ಮೆತ್ತಗಾಗುತ್ತೆ, ಅದಕ್ಕೇ ಒಂದು ಸಲಕ್ಕೆ ಸ್ವಲ್ಪ ಮಾತ್ರ. ನಾವು ಅಲ್ಲಿ ಸ್ಟೈಲಾಗಿ ಮಾಡೋ ಒಂದೊಂದು ಶಾಸ್ತ್ರದ ಹಿಂದೆಯೂ ಬೆಳಗಿನ ಜಾವ ಮೀನಿನ ಪೆಟ್ಟಿಗೆ ಹೊತ್ತವರ ಹಸಿವಿದೆ.

ಹಾಗಂತ ಜಪಾನನ್ನು ಹೊಗಳೋಕೆ ಕೂತಿಲ್ಲ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಹೊರಡಿಸಿದ. ಮುಂದೆ ಶತಮಾನಗಳ ಕಾಲ ಪ್ರಾಣಿ ಕಡಿಯುವವರನ್ನು, ಚರ್ಮ ಹದ ಮಾಡುವವರನ್ನು ಊರಾಚೆ ಇಟ್ಟರು. 1871ರಲ್ಲಿ ಸರ್ಕಾರ ಆ ಭೇದವನ್ನು ಕಾಗದದ ಮೇಲೆ ಅಳಿಸಿತು. ಆದರೂ ಬುರಾಕು ಅಂತ ಕರೆಸಿಕೊಳ್ಳುವ ಆ ಜನರ ಮೊಮ್ಮಕ್ಕಳು ಮದುವೆ, ಕೆಲಸದ ವಿಷಯದಲ್ಲಿ ಇವತ್ತಿಗೂ ಅವಮಾನ ಅನುಭವಿಸ್ತಾರೆ. ಟೋಕಿಯೋದ ಶಿಬಾಉರಾ ಕಸಾಯಿಖಾನೆಯ ಕೆಲಸಗಾರರಿಗೆ ಬಂದ ನಿಂದನೆಯ ಪತ್ರಗಳನ್ನು ಅಲ್ಲೇ ಒಂದು ಪ್ರದರ್ಶನದಲ್ಲಿ ಇಟ್ಟಿದ್ದಾರೆ. ಸೂಪು ಬೇಕು, ಮೂಳೆ ಕಡಿದವನು ಬೇಡ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಈ ವಾಸನೆಯಿಂದ ದೂರ ಸರಿಯೋ ಕೆಲಸ ಅಲ್ಲೂ ನಡೀತು. 1985ರಲ್ಲಿ ಶಿಗೆಮಿ ಕವಾಹಾರಾ ಫುಕುಓಕಾದಲ್ಲಿ ಇಪ್ಪೂದೊ ತೆರೆದಾಗ, ಹೆಂಗಸರೂ ಮುಜುಗರವಿಲ್ಲದೆ ಬಂದು ಕೂರುವಂಥ, ಗಬ್ಬು ನಾರದ ಅಂಗಡಿ ಬೇಕು ಅಂತಲೇ ಮಾಡಿದ್ದು. ಅದು ಒಳ್ಳೇದೇ. ಆದರೆ 2008ರಲ್ಲಿ ನ್ಯೂಯಾರ್ಕಿಗೂ ಹೋದ ಆ ಚೊಕ್ಕ ಬಟ್ಟಲನ್ನು ನೋಡಿ, ಮೂಳೆ ಕುದಿಯದೇನೇ ಸೂಪು ಬರುತ್ತೆ ಅಂತ ನಾವು ನಂಬಿಬಿಟ್ಟಿದ್ದೀವಿ. ಕುದಿಯೋದು ಯಾವುದೋ ಅಡುಗೆಮನೆಯಲ್ಲಿ, ಯಾರದೋ ಮೂಗಿನ ಮುಂದೆ. ನಮಗೆ ಬರೀ ರುಚಿ.

ಈಗ ನಮ್ಮೂರಿಗೆ ಬನ್ನಿ. ಬೆಂಗಳೂರಿನ ಗಲ್ಲಿಗಳಲ್ಲಿ ಸಿಗುವ ಕಾಲ್ ಸೂಪಿನಲ್ಲೂ ಅದೇ ಜೆಲಾಟಿನ್ನು, ತುಟಿಗೆ ಅದೇ ಅಂಟು. ಕುರಿ ಕಾಲನ್ನು ಸುಟ್ಟು, ಕೆರೆದು, ಗಂಟೆಗಟ್ಟಲೆ ಕುದಿಸಿ ಮಾಡ್ತಾರೆ. ಅದಕ್ಕೆ ಉಮಾಮಿ ಅಂದವರನ್ನು ನಾನು ನೋಡಿಲ್ಲ. ಕೊಡಗಿನವರು ಕಾಚಂಪುಳಿ ಹಾಕಿ ಮಾಡುವ ಪಂದಿ ಕರಿ ಹೋಂಸ್ಟೇಗೆ ಹೋದಾಗ 'ಟ್ರೆಡಿಷನಲ್'. ಅದೇ ಕೊಡಗಿನ ಹುಡುಗಿ ಪಕ್ಕದ ಫ್ಲ್ಯಾಟಿನಲ್ಲಿ ಭಾನುವಾರ ಮಾಡಿದ್ರೆ ಕಂಪ್ಲೇಂಟು. ಬಾಡಿಗೆ ಬೋರ್ಡಿನ ಮೇಲೆ 'ವೆಜಿಟೇರಿಯನ್ಸ್ ಓನ್ಲಿ' ಅಂತಿರುತ್ತಲ್ಲ, ಅದನ್ನು ಬರೆದವರು ಮಾಂಸದ ಬಗ್ಗೆ ಮಾತ್ರ ಕೇಳ್ತಿಲ್ಲ, ನೀವು ಯಾವ ಜನ ಅಂತ ಕೇಳ್ತಿದ್ದಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದಿದ್ರು. ಬಾಡೂಟದ ಸೀಮೆಯಲ್ಲಿ! ಜನ ರೊಚ್ಚಿಗೆದ್ದದ್ದು ಒಂದು ತುಂಡು ಮಾಂಸಕ್ಕಲ್ಲ, ತಮ್ಮ ಮನೆ ಊಟವನ್ನು ಚಟಗಳ ಪಟ್ಟಿಗೆ ಸೇರಿಸಿದ್ದಕ್ಕೆ.

ಸಸ್ಯಾಹಾರಿ ಗೆಳೆಯರು ಈಗ ಕೇಳ್ತೀರಿ: ವಾಸನೆ ನಿಜವಾಗ್ಲೂ ಆಗಲ್ಲ ಅಂದ್ರೆ ಏನ್ ಮಾಡೋದು? ತಿನ್ನಬೇಡಿ, ಅದು ನಿಮ್ಮ ಹಕ್ಕು. ಹೊಟ್ಟೆ ತೊಳಸಿದ್ರೆ ಕಿಟಕಿ ಹಾಕ್ಕೊಳ್ಳಿ, ಅದೂ ತಪ್ಪಲ್ಲ. ವಾಸನೆ ಮಿತಿಮೀರಿದ್ರೆ ದೂರು ಕೊಡೋದೂ ಸರಿಯೇ. ಜಪಾನಿನಲ್ಲಿ ಅಂಗಡಿ, ಕಾರ್ಖಾನೆಗಳ ದುರ್ವಾಸನೆ ತಡೆಯೋಕೆ 1971ರಿಂದಲೇ ಕಾನೂನಿದೆ. ಆದರೆ ಆ ಕಾನೂನು ಕೇಳೋದು ಎಷ್ಟು ವಾಸನೆ ಅಂತ, ಯಾರ ವಾಸನೆ ಅಂತಲ್ಲ. ನಮ್ಮ ಅಸೋಸಿಯೇಷನ್ನುಗಳಲ್ಲಿ ಇಂಗಿನ ಒಗ್ಗರಣೆಗೆ, ಕರಿದ ಎಣ್ಣೆಗೆ, ಬೆಳಿಗ್ಗೆ ಐದಕ್ಕೆ ಹಚ್ಚೋ ಊದುಬತ್ತಿಗೆ ದೂರು ಬಂದದ್ದು ಕೇಳಿದ್ದೀರಾ? ಬರೋದು ಒಣಮೀನಿಗೆ, ಮೂಳೆ ಸಾರಿಗೆ.

ನನಗೆ ಹೆಚ್ಚು ಸಿಟ್ಟು ಬರೋದು ಸಸ್ಯಾಹಾರಿಗಳ ಮೇಲಲ್ಲ. ಹಕಾತಾದಲ್ಲಿ ಬಟ್ಟಲು ಎತ್ತಿ ಕೊನೇ ಹನಿ ಕುಡಿದು, ಇಲ್ಲಿ ಓನರ್ ಎದುರು 'ನಾವು ಪ್ಯೂರ್ ವೆಜ್ ಸಾರ್' ಅಂದು ಮನೆ ಹಿಡಿದು, ಆಮೇಲೆ ಪಕ್ಕದವರ ಕುಕ್ಕರಿಗೆ ಮೂಗು ಮುಚ್ಚಿಕೊಳ್ಳೋ ನಮ್ಮಂಥ ವಯಸ್ಸಿನವರ ಮೇಲೆ. ಮೂಗು ಅದೇ, ಮೂಳೆಯೂ ಅದೇ. ಹಂದಿಗೆ ಪಾಸ್‌ಪೋರ್ಟ್ ಇದ್ದರೆ ಘಮ, ಆಧಾರ್ ಕಾರ್ಡ್ ಇದ್ದರೆ ನಾತ.

ಹೋಗಿ, ಹಕಾತಾಗೆ ಖಂಡಿತ ಹೋಗಿ. ವಾಸನೆ ಬರೋ ಅಂಗಡಿಗೇ ಹೋಗಿ, ಕಾಯೆದಾಮಾ ಎರಡು ಸಲ ಹಾಕಿಸಿಕೊಳ್ಳಿ. ವಾಪಸ್ ಬಂದ ಮೇಲೆ, ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಯಾರೋ ಮಾಂಸದ ವಾಸನೆ ಅಂತ ಎರಡು ಸಾಲು ಹಾಕಿದಾಗ, ಥಂಬ್ಸ್ ಅಪ್ ಒತ್ತೋ ಬದಲು ಆ ರಾಮೆನ್ ಫೋಟೋ ಅಲ್ಲಿ ಹಾಕಿ. ನಾನೂ ತಿನ್ನೋನೇ, ಇದೂ ಹಂದಿ ಮೂಳೆನೇ ಅಂತ ಕೆಳಗೆ ಬರೀರಿ. ಇನ್‌ಸ್ಟಾಗ್ರಾಮಿನಲ್ಲಿ ಅಷ್ಟು ಧೈರ್ಯ ಇದ್ದವರಿಗೆ ಇದೇನು ಕಷ್ಟ?